ಅಚ್ಚಿನ ಕ್ಯಾಟಲಾಗ್ ಇನ್ನೂ ಬೇಕೇ? ಕೊಳ್ಳುವ ಅಂಗಡಿಯವರೇ ಹೇಳಿ

ಘಟ್ಟದ ಮೇಲಿನ ಸ್ಪೇರ್ಸ್, ಶಿರಸಿ

ಶಿರಸಿಯಲ್ಲಿ ನಮ್ಮದು ಬಿಡಿಭಾಗಗಳ ಸಗಟು ವ್ಯಾಪಾರ. ತೋಟಕ್ಕೆ ಮದ್ದು ಹೊಡೆಯುವ ಎಚ್‌ಟಿಪಿ ಸ್ಪ್ರೇಯರಿನ ಸಾಮಾನು, ಪಂಪಿನ ಸೀಲು, ಬೇರಿಂಗ್, ವಿ-ಬೆಲ್ಟ್, ಪಿವಿಸಿ ಫಿಟ್ಟಿಂಗ್, ಹಿತ್ತಾಳೆಯ ನಾಝಲ್, ಹೋಸ್ ಪೈಪು. ಸಿದ್ದಾಪುರ, ಯಲ್ಲಾಪುರ, ಮುಂಡಗೋಡಿನ ಅಂಗಡಿಗಳಿಗೆ ಕೊಡುತ್ತೇವೆ. ಘಟ್ಟ ಇಳಿದರೆ ಕುಮಟಾ, ಹೊನ್ನಾವರ, ಅಂಕೋಲಾ, ಕಾರವಾರ. ತೋಟದವರಿಗೆ ನೇರವಾಗಿ ಮಾರುವುದಿಲ್ಲ. ನಮ್ಮ ಗಿರಾಕಿ ಎಂದರೆ ಅಂಗಡಿಯವರೇ, ಆದ್ದರಿಂದ ಈ ಪ್ರಶ್ನೆಯೂ ಅಂಗಡಿಯವರಿಗೇ.

ತಂದೆಯವರ ಕಾಲದಿಂದಲೂ ವರ್ಷಕ್ಕೊಂದು ಕ್ಯಾಟಲಾಗ್ ಅಚ್ಚು ಹಾಕಿಸುತ್ತ ಬಂದಿದ್ದೇವೆ. ಆಗ ಅದು ಕಪ್ಪು-ಬಿಳುಪಿನ ತೆಳ್ಳಗಿನ ಪುಸ್ತಕ. ಈಗ 64 ಪುಟ, ನಾಲ್ಕು ಬಣ್ಣ, ಮಿರಮಿರ ಹೊಳೆಯುವ ಆರ್ಟ್ ಪೇಪರು. ಮೇ ಒಳಗೆ ಅಂಗಡಿಗಳಿಗೆ ತಲುಪದಿದ್ದರೆ ಅಚ್ಚು ಹಾಕಿಸಿಯೂ ದಂಡ. ಮಳೆ ಹಿಡಿಯುವ ಮೊದಲು ಅಡಿಕೆಗೆ ಮೊದಲ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯಬೇಕು, ಅದಾಗಿ 40–45 ದಿನಕ್ಕೆ ಎರಡನೆಯದು. ಕೊಳೆರೋಗದ ಹೆದರಿಕೆ ಇರುವ ಆ ಎರಡು ತಿಂಗಳಲ್ಲಿ ನಮ್ಮ ವರ್ಷದ ವ್ಯಾಪಾರದ ದೊಡ್ಡ ಪಾಲು ಮುಗಿದುಹೋಗುತ್ತದೆ.

ಈ ಸಲ ಮುದ್ರಣಾಲಯದ ಕೊಟೇಶನ್ ನೋಡಿ ಮನೆಯಲ್ಲಿ ಎರಡು ಪಕ್ಷವಾಗಿದೆ. ತಮ್ಮನ ಮಗ ಈಗ ವ್ಯಾಪಾರಕ್ಕೆ ಕೂತಿದ್ದಾನೆ. ‘ದೊಡ್ಡಪ್ಪ, ಪೀಠೋಪಕರಣ ಮಾರುವ ಐಕಿಯಾದವರು 1951ರಿಂದ ಹಾಕುತ್ತಿದ್ದ ಕ್ಯಾಟಲಾಗನ್ನೇ ನಿಲ್ಲಿಸಿಬಿಟ್ಟರು. 2016ರಲ್ಲಿ 32 ಭಾಷೆಗಳಲ್ಲಿ 20 ಕೋಟಿ ಪ್ರತಿ ಹಾಕಿದವರು 2020ರ ಡಿಸೆಂಬರಿನಲ್ಲಿ ಇನ್ನು ಸಾಕು ಎಂದರು. ನಾವು ಯಾವ ಲೆಕ್ಕ?’ ಎನ್ನುತ್ತಾನೆ. ಅವನು ವಾಟ್ಸಾಪ್ ಬಿಸಿನೆಸ್ಸಿನಲ್ಲಿ ಸಾಮಾನುಗಳ ಚಿತ್ರ ಏರಿಸಲು ಶುರು ಮಾಡಿದ. ಅಲ್ಲಿ 500 ಸಾಮಾನಿಗೆ ಮಿತಿ. ನಮ್ಮಲ್ಲಿರುವುದು ಸಾವಿರ ದಾಟುತ್ತದೆ. ಉಳಿದದ್ದಕ್ಕೆ ಪಿಡಿಎಫ್ ಮಾಡಿದ್ದಾನೆ.

ನಮ್ಮ ಸೇಲ್ಸ್ ಹುಡುಗ ತಂದ ವರದಿಯೂ ಇದೆ. ಒಂದು ಅಂಗಡಿಯಲ್ಲಿ ನಮ್ಮ ಕ್ಯಾಟಲಾಗನ್ನು ತಕ್ಕಡಿ ಅಲುಗಾಡದಂತೆ ಕೆಳಗೆ ಇಟ್ಟಿದ್ದರಂತೆ. ಇನ್ನೊಂದರಲ್ಲಿ ಪುಟ ಹರಿದು ಮೊಳೆ ಕಟ್ಟಿಕೊಡುತ್ತಿದ್ದರಂತೆ. 130 ಜಿಎಸ್‌ಎಂ ತೂಕದ ದಪ್ಪ ಆರ್ಟ್ ಪೇಪರಿನಲ್ಲಿ ಮೊಳೆಯ ಪೊಟ್ಟಣ! ನಮ್ಮಷ್ಟು ಧಾರಾಳಿಗಳು ಈ ಜಿಲ್ಲೆಯಲ್ಲಿ ಇನ್ನಾರೂ ಇರಲಿಕ್ಕಿಲ್ಲ.

ಆದ್ದರಿಂದ ನೇರವಾಗಿ ಕೇಳುತ್ತೇನೆ. ನಮ್ಮದಾಗಲಿ ಬೇರೆಯವರದಾಗಲಿ, ಅಚ್ಚಿನ ಕ್ಯಾಟಲಾಗನ್ನು ನೀವು ನಿಜವಾಗಿ ತೆರೆಯುತ್ತೀರಾ? ಯಾವ ಹೊತ್ತಿಗೆ, ಯಾವ ಸಾಮಾನಿಗೆ? ಮನಸ್ಸು ನೋಯಬಾರದೆಂದು ಒಳ್ಳೆಯ ಮಾತು ಆಡಬೇಡಿ. ಮುದ್ರಣಾಲಯದವರು ದಯವಿಟ್ಟು ಉತ್ತರಿಸಬೇಡಿ, ನಿಮ್ಮ ಉತ್ತರ ನನಗೆ ಗೊತ್ತಿದೆ.

ಯಲ್ಲಾಪುರ ಪೇಟೆ

ನನಗೆ ಬೇಡ. ಹಳೆಯದು ಮೂರು ಇಲ್ಲೇ ಬಿದ್ದಿವೆ. ದರ ಕೇಳಬೇಕಾದರೆ ಫೋನ್ ಮಾಡುತ್ತೇನೆ, ಹೇಗಿದ್ದರೂ ಪುಸ್ತಕದಲ್ಲಿರುವ ದರಕ್ಕೆ ನೀವು ಕೊಡುವುದಿಲ್ಲವಲ್ಲ. ಆ ದುಡ್ಡಿನಲ್ಲಿ ಇನ್ನೆರಡು ಪರ್ಸೆಂಟ್ ರಿಯಾಯಿತಿ ಕೊಡಿ. ತಕ್ಕಡಿಯ ಕೆಳಗೆ ಇಟ್ಟವನು ನಾನಲ್ಲ.

ಕುಮಟಾ ಕೌಂಟರ್

ಊಟದ ಹೊತ್ತು, ಗಿರಾಕಿ ಇಲ್ಲ. ಹಾಗಾಗಿ ಉದ್ದಕ್ಕೇ ಬರೆಯುತ್ತೇನೆ. ಮದುವೆಯಾಗಿ ಬಂದ ಮೇಲೆ ಮಾವನವರ ಜೊತೆ ಕೌಂಟರಿಗೆ ನಿಂತವಳು ನಾನು. ಅವರು ತೀರಿಕೊಂಡ ನಂತರ ಅಂಗಡಿ ನಡೆಸುತ್ತಿರುವವಳೂ ನಾನೇ. ಪಂಪು, ಪೈಪು, ಸ್ಪ್ರೇಯರ್, ಸ್ವಲ್ಪ ಮಟ್ಟಿಗೆ ದೋಣಿ ಇಂಜಿನ್ನಿನ ಸಾಮಾನು ಇಟ್ಟಿದ್ದೇನೆ.

ನಿಮ್ಮ ಪ್ರಶ್ನೆಯಲ್ಲೇ ಒಂದು ತಿದ್ದುಪಡಿ ಆಗಬೇಕು. ಸಾಮಾನು ತರಿಸಲು ನಾನು ಕ್ಯಾಟಲಾಗ್ ನೋಡುವುದಿಲ್ಲ. ಏನು ಮುಗಿದಿದೆ ಎಂದು ಕಪಾಟು ನೋಡಿದರೆ ತಿಳಿಯುತ್ತದೆ. ಪಟ್ಟಿ ಬರೆದು, ಅದರ ಫೋಟೋ ತೆಗೆದು ನಿಮಗೆ ಕಳುಹಿಸುತ್ತೇನೆ. ಪುಸ್ತಕ ಬೇಕಾಗುವುದು ಗಿರಾಕಿ ಎದುರಿಗೆ ನಿಂತಾಗ, ಅದೂ ಅವರ ಕೈಯಲ್ಲಿರುವ ವಸ್ತು ಏನೆಂದು ಅವರಿಗೂ ಗೊತ್ತಿಲ್ಲದೆ ನನಗೂ ಗೊತ್ತಾಗದಿದ್ದಾಗ. ಜೂನ್ ತಿಂಗಳಲ್ಲಿ ದಿನಕ್ಕೆ ನಾಲ್ಕಾರು ಜನ ಹೀಗೆ ಬರುತ್ತಾರೆ.

ಮೂರೂರಿನ ಕಡೆಯ ತೋಟದವರೊಬ್ಬರು ಬಂದರು ಎಂದಿಟ್ಟುಕೊಳ್ಳಿ. ಸ್ಪ್ರೇಯರ್ ಒತ್ತಡ ಹಿಡಿಯುತ್ತಿಲ್ಲ. ಮಳೆ ಬಿಟ್ಟಿರುವುದು ಇವತ್ತು ಒಂದೇ ದಿನ, ಮದ್ದು ಹೊಡೆಯುವ ಕೊನೆಗೌಡರು ಮರದ ಬುಡದಲ್ಲಿ ಕಾಯುತ್ತಿದ್ದಾರೆ. ಪೇಪರಿನಲ್ಲಿ ಸುತ್ತಿ ತಂದ ಸೀಲಿನ ಮೇಲೆ ಮೈಲುತುತ್ತಿನ ನೀಲಿ, ಸುಣ್ಣದ ಬಿಳಿ, ನಂಬರ್ ಅಳಿಸಿಹೋಗಿದೆ. ನಾನು ನಿಮ್ಮ ಪುಸ್ತಕದಲ್ಲಿ ನಿಜ ಅಳತೆಯ ಚಿತ್ರಗಳಿರುವ ಪುಟ ತೆರೆದು ಆ ಸೀಲನ್ನು ಅದರ ಮೇಲೆಯೇ ಇಡುತ್ತೇನೆ. ಒಂದರ ಮೇಲೆ ಕೂರಲಿಲ್ಲ, ಪಕ್ಕದ್ದರ ಮೇಲೆ ಕೂತಿತು. 17, 40, 7 ಎಂದು ಕೆಳಗೆ ಬರೆದಿದೆ: ಒಳಗಿನ ಅಳತೆ, ಹೊರಗಿನದು, ದಪ್ಪ, ಎಲ್ಲ ಮಿಲಿಮೀಟರಿನಲ್ಲಿ. ಕಪಾಟಿನಿಂದ ತೆಗೆದು ಕೊಟ್ಟೆ, ಅವರು ಹೋದರು.

ಇದನ್ನು ಫೋನಿನಲ್ಲಿ ಮಾಡಿ ತೋರಿಸಲಿ ನಿಮ್ಮ ತಮ್ಮನ ಮಗ. ಎರಡು ಬೆರಳಿಟ್ಟರೆ ಚಿತ್ರ ಹಿಗ್ಗುತ್ತದೆ, ಕುಗ್ಗುತ್ತದೆ; ಅದರ ಮೇಲೆ ಸೀಲು ಇಟ್ಟು ಏನು ನೋಡುವುದು? ಅಳತೆ ಹಿಡಿಯುವ ವರ್ನಿಯರ್ ಇಲ್ಲವೇ ಎಂದು ಕೇಳಬೇಡಿ, ಇದೆ. ಆದರೆ ರಬ್ಬರ್ ಎಣ್ಣೆ ಕುಡಿದು ಉಬ್ಬಿರುತ್ತದೆ, ಇಲ್ಲವೇ ಸವೆದಿರುತ್ತದೆ. ವರ್ನಿಯರ್ ಉಬ್ಬಿದ ಅಳತೆಯನ್ನೇ ಹೇಳುತ್ತದೆ. ಪುಟದ ಮೇಲಿರುವುದು ಮಾರುಕಟ್ಟೆಯಲ್ಲಿ ಸಿಗುವ ಅಳತೆಗಳು ಮಾತ್ರ, ಅವುಗಳಲ್ಲಿ ಒಂದನ್ನು ಆರಿಸಿದರೆ ಆಯಿತು.

ಇನ್ನು ಪೈಪಿನ ಸಂಗತಿ. ತೋಟದವರು ‘ಎರಡು ಇಂಚು’ ಎಂದರೆ ಅದು 63 ಮಿಲಿಮೀಟರಿನ ಪೈಪು. ಮನೆ ಕೆಲಸದ ಪ್ಲಂಬರ್ ‘ಎರಡು ಇಂಚು’ ಎಂದರೆ ಹೊರ ಅಳತೆ 60.3. ಒಂದರ ಎಲ್ಬೊ ಇನ್ನೊಂದಕ್ಕೆ ಕೂರುವುದಿಲ್ಲ. ಮೂರು ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ, ಗಾಡಿ ಮಾಡಿಕೊಂಡು ಎರಡನೇ ಸಲ ಪೇಟೆಗೆ ಬರಲು ಮಾತ್ರ ಅಷ್ಟು ಸಾಕು. ಒಂದೂವರೆ ಎಂದರೆ 50, ಎರಡೂವರೆ ಎಂದರೆ 75, ಮೂರು ಎಂದರೆ 90, ನಾಲ್ಕು ಎಂದರೆ 110 ಎಂದು ನಿಮ್ಮ ಪುಸ್ತಕದಲ್ಲಿ ಒಂದು ಕೋಷ್ಟಕ ಇತ್ತಲ್ಲ, ಅದನ್ನು ಕತ್ತರಿಸಿ ಕೌಂಟರಿನ ಗಾಜಿನ ಅಡಿಯಲ್ಲಿ ಸೇರಿಸಿದ್ದೇನೆ. ಅದಿಲ್ಲದೆ ನನಗೆ ದಿನ ಕಳೆಯುವುದಿಲ್ಲ. ನಿಮ್ಮ ಪುಸ್ತಕ ಹರಿದವರ ಪಟ್ಟಿಗೆ ನನ್ನ ಹೆಸರನ್ನೂ ಸೇರಿಸಿಕೊಳ್ಳಿ.

ಹಾಗೆಂದು ಇಡೀ 64 ಪುಟ ಬೇಕೆಂದು ನಾನು ಹೇಳುತ್ತಿಲ್ಲ. ಬೇರಿಂಗಿಗೆ ಎಂಟು ಪುಟ, ಅದೂ ಬಣ್ಣದಲ್ಲಿ ಏಕೆ? ಬೇರಿಂಗುಗಳೆಲ್ಲ ಅವಳಿ-ಜವಳಿ ಮಕ್ಕಳ ಹಾಗೆ ಕಾಣುತ್ತವೆ. ಅಂಚಿನಲ್ಲೇ 6203 ಎಂದು ಕೊರೆದಿರುತ್ತದೆ. ಯಾವ ಕಂಪನಿಯದಾದರೂ ಅದು 17, 40, 12. 6204 ಆದರೆ 20, 47, 14. ಒಂದು ಪುಟದ ಪಟ್ಟಿ ಧಾರಾಳವಾಯಿತು. ಬೆಲ್ಟಿನ ಕಥೆ ಬೇರೆ. ಬಿ-52 ಎಂಬಂಥ ಅಳತೆಯ ಗುರುತು ಹೊಸ ಬೆಲ್ಟಿನ ಮೇಲೆ ಇರುತ್ತದೆ, ನನ್ನ ಬಳಿಗೆ ಬರುವ ಬೆಲ್ಟಿನ ಮೇಲೆ ಎಂದೂ ಇರುವುದಿಲ್ಲ. ಅಗಲ ಮತ್ತು ದಪ್ಪ ಮಿಲಿಮೀಟರಿನಲ್ಲಿ ಹೇಳುವುದಾದರೆ ಎ ಎಂದರೆ 13ಕ್ಕೆ 8, ಬಿ ಎಂದರೆ 17ಕ್ಕೆ 11, ಸಿ ಎಂದರೆ 22ಕ್ಕೆ 14. ಆ ಮೂರು ಅಡ್ಡಕೊಯ್ತವನ್ನು ನಿಜ ಅಳತೆಯಲ್ಲಿ ಹಾಕಿ. ಹರಿದ ಬೆಲ್ಟಿನ ತುಂಡನ್ನು ಅದರ ಮೇಲೆ ನಿಲ್ಲಿಸಿ ನೋಡುತ್ತೇನೆ.

ಫೋನನ್ನು ಗಿರಾಕಿಯ ಕಡೆಗೆ ತಿರುಗಿಸುವುದು ಎಷ್ಟು ಕಷ್ಟ ಎಂಬುದು ಕೌಂಟರಿನ ಆಚೆ ಇರುವವರಿಗೆ ಗೊತ್ತಿಲ್ಲ. ಚಿತ್ರ ತೋರಿಸುವಾಗಲೇ ಮೇಲಿನಿಂದ ನಿಮ್ಮ ಸಂದೇಶ ಇಳಿಯುತ್ತದೆ: ‘ಅಕ್ಕ, ನಿಮಗೆ 310ಕ್ಕೆ ಕೊಡುತ್ತೇನೆ, ಯಾರಿಗೂ ಹೇಳಬೇಡಿ.’ ನಾನು ಅದೇ ಸಾಮಾನಿಗೆ 380 ಹೇಳಿ ಇನ್ನೂ ಬಾಯಿ ಮುಚ್ಚಿರುವುದಿಲ್ಲ. ಪುಸ್ತಕವನ್ನಾದರೆ ಅವರ ಕಡೆಗೆ ತಿರುಗಿಸಿ ಇಟ್ಟು ನಾನು ಇನ್ನೊಬ್ಬರಿಗೆ ಸಾಮಾನು ತೆಗೆಯಲು ಹೋಗಬಹುದು. ಬಂದು ನೋಡಿದರೆ ಅವರೇ ಬೆರಳಿಟ್ಟು ‘ಇದು’ ಎಂದಿರುತ್ತಾರೆ.

ಇದೇ ಕಾರಣಕ್ಕೆ ಪುಸ್ತಕದಲ್ಲಿ ದರ ಹಾಕಬೇಡಿ. ಯಲ್ಲಾಪುರದವರು ಹೇಳಿದ್ದರಲ್ಲಿ ಅಷ್ಟು ಮಟ್ಟಿಗೆ ಸತ್ಯವಿದೆ. ಕಳೆದ ಸಲದ ದರಪಟ್ಟಿ 2025ರ ಸೆಪ್ಟೆಂಬರ್ 22ಕ್ಕೆ ರದ್ದಿಯಾಯಿತು. ಅಂದು ಜಿಎಸ್‌ಟಿಯ ಶೇಕಡಾ 12ರ ಹಂತ ಹೋಗಿ, ಹನಿ ನೀರಾವರಿ, ಸ್ಪ್ರಿಂಕ್ಲರ್ ಸಾಮಾನೆಲ್ಲ 5ಕ್ಕೆ ಇಳಿದವು. ಗಿರಾಕಿಗಳು ಟಿವಿ ನೋಡಿಕೊಂಡು ಬಂದು ಪುಸ್ತಕದ ಮೇಲೆ ಬೆರಳಿಟ್ಟು ವಾದ ಮಾಡಿದರು. ತೆರಿಗೆ ಬದಲಾಗದಿದ್ದರೂ ತಾಮ್ರ ಏರಿದರೆ ಹಿತ್ತಾಳೆ ಏರುತ್ತದೆ, ಪಿವಿಸಿ ದರ ವರ್ಷದಲ್ಲಿ ಎಷ್ಟು ಸಲ ಕುಣಿಯುತ್ತದೆ ಎಂದು ನಿಮಗೇ ಗೊತ್ತು. ದರಕ್ಕೆ ವಾಟ್ಸಾಪೇ ಸರಿ. ಪುಸ್ತಕದಲ್ಲಿ ದರದ ಜಾಗವನ್ನು ಖಾಲಿ ಬಿಡಿ, ಪೆನ್ಸಿಲಿನಲ್ಲಿ ನಾವೇ ಬರೆದುಕೊಳ್ಳುತ್ತೇವೆ. ನಮ್ಮ ಮಾವನವರು ಖರೀದಿ ದರವನ್ನು ಅಂಕಿಯಲ್ಲಿ ಬರೆಯುತ್ತಲೇ ಇರಲಿಲ್ಲ. ಹತ್ತು ಅಕ್ಷರದ ಗುಟ್ಟಿನ ಸಂಕೇತ, ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ. ಆ ಸಂಕೇತ ಏನೆಂದು ಇಲ್ಲಿ ಬರೆಯುವುದಿಲ್ಲ, ಈಗಲೂ ಅದೇ ನಡೆಯುತ್ತಿದೆ.

ಐಕಿಯಾ ಮಾತಿಗೆ ಒಂದೇ ಉತ್ತರ. ಅದು ಮನೆಯವರು ಸೋಫಾ ನೋಡಿ ಆಸೆಪಡಲಿ ಎಂದು ಮಾಡಿದ ಪುಸ್ತಕ. ನನ್ನ ಗಿರಾಕಿಗೆ ಸೀಲಿನ ಮೇಲೆ ಆಸೆ ಇಲ್ಲ. ಅದು ಸರಿಯಾಗಿ ಕೂತರೆ ಸಾಕು.

ಅಂಕೋಲಾ ಬಂದರು ರಸ್ತೆ

ಕುಮಟಾ ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಆಮೇಲೆ ಕುಮಟಾ ಕಡೆಯಿಂದ ಬರುತ್ತಿದ್ದ ಸೇಲ್ಸ್‌ನವರು ಯಾರೂ ಇತ್ತ ಸುಳಿಯಲಿಲ್ಲ. ಊರೇ ದುಃಖದಲ್ಲಿತ್ತು, ವ್ಯಾಪಾರದ ಮಾತು ಆಡಲು ಯಾರಿಗೂ ಮನಸ್ಸಿರಲಿಲ್ಲ. ಆದರೆ ಮನೆಗಳಿಗೆ ನೀರು ನುಗ್ಗಿ ಪಂಪು ಕೆಟ್ಟವರಿಗೆ ಸಾಮಾನು ಅಂದೇ ಬೇಕಿತ್ತು. ನೆಟ್‌ವರ್ಕ್ ಮಾತಿಗಷ್ಟೇ ಸಾಕಾಗುತ್ತಿತ್ತು, ಚಿತ್ರ ಹೋಗುತ್ತಿರಲಿಲ್ಲ. ‘ಪುಟ 18, ಆರನೇ ಸಾಲು, ಹತ್ತು’ ಎಂದು ಫೋನಿನಲ್ಲಿ ಓದಿ ಹೇಳಿದೆ. ಯಲ್ಲಾಪುರದ ಮೇಲೆ ಬಸ್ಸಿನಲ್ಲಿ ಪಾರ್ಸೆಲ್ ಬಂತು, ಹೇಳಿದ್ದೇ ಬಂತು. ಶಿರಸಿಯವರ ಮೇಜಿನ ಮೇಲೂ ಅದೇ ಪುಸ್ತಕ ಇದ್ದುದರಿಂದ ಅಷ್ಟು ಸುಲಭವಾಯಿತು.

ಕಾಳಿ ದಂಡೆ, ಕಾರವಾರ

ನಾನು ಅಂಗಡಿಯವನಲ್ಲ, ಕೊಳ್ಳುವವನು. ಕಾರವಾರದಲ್ಲಿ ಒಬ್ಬ ಗುತ್ತಿಗೆದಾರರ ಉಗ್ರಾಣ ನೋಡಿಕೊಳ್ಳುತ್ತೇನೆ. ಅದಕ್ಕೆ ಮೊದಲು ಬಹಳ ವರ್ಷ ಹಡಗಿನಲ್ಲಿದ್ದೆ. ಆದ್ದರಿಂದ ಎರಡು ಬೇರೆ ಬೇರೆ ಉತ್ತರ ಕೊಡುತ್ತೇನೆ.

ಈಗಿನ ಕೆಲಸದಲ್ಲಿ ಅಚ್ಚಿನ ಕ್ಯಾಟಲಾಗ್ ನನಗೆ ಹೊರೆ. ನಮ್ಮಲ್ಲಿ ಮೂರು ಕೊಟೇಶನ್ ಬರಬೇಕು, ತಾಂತ್ರಿಕ ವಿವರ ಕಡತಕ್ಕೆ ಸೇರಬೇಕು, ಎಲ್ಲವೂ ಕಂಪ್ಯೂಟರಿನಲ್ಲೇ. ಸರ್ಕಾರಿ ಖರೀದಿಯಂತೂ 2016ರಲ್ಲಿ ಸರ್ಕಾರದ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್ ಬಂದ ಮೇಲೆ ಪೂರ್ತಿ ಆ ದಾರಿ ಹಿಡಿದಿದೆ. ಟೆಂಡರಿಗೆ ‘ಮೂಲ ಕ್ಯಾಟಲಾಗ್ ಲಗತ್ತಿಸಿ, ಪ್ರತಿ ಪುಟಕ್ಕೂ ಮೊಹರು ಹಾಕಿ’ ಎಂದು ಇಂದಿಗೂ ಕೇಳುತ್ತಾರೆ, ಆದರೆ ಆ ಮೊಹರು ಬಿದ್ದ ಪುಟವನ್ನು ಸ್ಕ್ಯಾನ್ ಮಾಡಿಯೇ ಏರಿಸಬೇಕು. ಸ್ಟೀಲ್ ಕಪಾಟಿನ ತುಂಬ ಕಂಪನಿಗಳ ಬಣ್ಣದ ಪುಸ್ತಕಗಳಿವೆ. ಆಡಿಟ್‌ನವರು ಬಂದಾಗ ಮಾತ್ರ ಆ ಬಾಗಿಲು ತೆರೆಯುತ್ತೇವೆ. ನನ್ನಂಥವನಿಗೆ ಒಳ್ಳೆಯ ಪಿಡಿಎಫ್ ಸಾಕು. ಒಳ್ಳೆಯದು ಎಂದರೆ ಹುಡುಕಿದರೆ ಸಿಗುವಂಥದ್ದು. ಎಷ್ಟೋ ಸಗಟುದಾರರು ಪುಟದ ಫೋಟೋ ತೆಗೆದು ಅದನ್ನೇ ಪಿಡಿಎಫ್ ಎಂದು ಕಳುಹಿಸುತ್ತಾರೆ. ಅದರಲ್ಲಿ ‘63’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಶಿರಸಿಯವರ ಪಿಡಿಎಫ್ ಯಾವ ಜಾತಿಯದೋ ಒಮ್ಮೆ ಪರೀಕ್ಷಿಸಿ ನೋಡಿ.

ಇನ್ನು ಹಡಗಿನ ಮಾತು. ಹಡಗಿಗೆ ಸಾಮಾನು ತರಿಸುವವರ ಬಳಿ ಐಎಂಪಿಎ ಮಾರ್ಗದರ್ಶಿ ಎಂಬ ದಪ್ಪ ಪುಸ್ತಕ ಇರುತ್ತದೆ. ಪೊರಕೆಯಿಂದ ಹಿಡಿದು ಉಕ್ಕಿನ ಹಗ್ಗದವರೆಗೆ ಪ್ರತಿ ಸಾಮಾನಿಗೂ ಆರು ಅಂಕಿಯ ಸಂಖ್ಯೆ, ಪಕ್ಕದಲ್ಲಿ ಚಿತ್ರ, ಅಳತೆ. ಕ್ಯಾಪ್ಟನ್ ಗ್ರೀಕ್, ಎಂಜಿನಿಯರ್ ಫಿಲಿಪ್ಪೀನ್ಸಿನವರು, ಉಗ್ರಾಣಕ್ಕೆ ನಾನು, ಬಂದರಿನಲ್ಲಿ ಸಾಮಾನು ಒದಗಿಸುವವನು ಸಿಂಗಾಪುರದ ಚೀನೀ ವ್ಯಾಪಾರಿ. ಒಬ್ಬರ ಇಂಗ್ಲಿಷ್ ಇನ್ನೊಬ್ಬರಿಗೆ ತಿಳಿಯದು. ಆರು ಅಂಕಿ ಬರೆದು ಕಳುಹಿಸಿದರೆ ಸರಿಯಾದ ಸಾಮಾನು ಹಡಗಿನ ಏಣಿಯ ಹತ್ತಿರ ಬಂದು ಬೀಳುತ್ತಿತ್ತು. ಈಗ ಅದು ಕಂಪ್ಯೂಟರಿನಲ್ಲೂ ಇದೆ. ಆದರೆ ಎಂಜಿನ್ ಕೋಣೆಗೆ ಎಣ್ಣೆ ಕೈಯಲ್ಲಿ ಒಯ್ಯುತ್ತಿದ್ದುದು ಪುಸ್ತಕವನ್ನೇ.

ಅಂಕೋಲಾದವರು ‘ಪುಟ 18, ಸಾಲು 6’ ಎಂದರಲ್ಲ, ಅಲ್ಲಿ ನನಗೊಂದು ತೊಡಕು ಕಾಣುತ್ತದೆ. ಮುಂದಿನ ವರ್ಷ ನಡುವೆ ಎರಡು ಹೊಸ ಸಾಮಾನು ಸೇರಿಸಿದರೆ ಆರನೇ ಸಾಲು ಎಂಟನೆಯದಾಗುತ್ತದೆ. ಹಳೆಯ ಪುಸ್ತಕ ನೋಡಿ ಒಬ್ಬರು ಹೇಳುತ್ತಾರೆ, ಹೊಸ ಪುಸ್ತಕ ನೋಡಿ ಇನ್ನೊಬ್ಬರು ಕಟ್ಟುತ್ತಾರೆ. ಸಾಮಾನಿಗೆ ಒಂದು ಖಾಯಂ ಸಂಖ್ಯೆ ಕೊಡಿ. ಒಮ್ಮೆ ಕೊಟ್ಟದ್ದನ್ನು ಸಾಮಾನು ನಿಂತುಹೋದರೂ ಬೇರೊಂದಕ್ಕೆ ಕೊಡಬೇಡಿ. ಅಚ್ಚು ಹಾಕುವುದೋ ಬಿಡುವುದೋ ಎಂಬುದಕ್ಕಿಂತ ಇದು ದೊಡ್ಡ ವಿಚಾರ ಎಂದು ನನ್ನ ಅಭಿಪ್ರಾಯ.

ತಮ್ಮನ ಮಗ, ಶಿರಸಿ

ಎಲ್ಲರಿಗೂ ನಮಸ್ಕಾರ. ಮೇಲೆ ಹೇಳಿದ ತಮ್ಮನ ಮಗ ನಾನೇ. ದೊಡ್ಡಪ್ಪ ನನ್ನನ್ನು ಇಲ್ಲಿ ಐಕಿಯಾ ವಕೀಲನನ್ನಾಗಿ ಮಾಡಿದ್ದಾರೆ, ಹಾಗಾಗಿ ಎರಡು ಮಾತು.

ಕುಮಟಾ ಅಕ್ಕ, ಸೀಲಿನ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ಕಳುಹಿಸಿದರೆ ಅಳತೆ ನಾನೇ ಗುರುತಿಸಿ ಹೇಳುತ್ತೇನೆ. ಈಗಾಗಲೇ ಸಿದ್ದಾಪುರದ ಕೆಲವರು ಹಾಗೆ ಮಾಡುತ್ತಿದ್ದಾರೆ. ಹೊಸ ಸಾಮಾನು ಬಂದ ದಿನವೇ ನಿಮಗೆ ತಿಳಿಸಬಹುದು, ಪುಸ್ತಕವಾದರೆ ಮುಂದಿನ ಮೇ ತನಕ ಕಾಯಬೇಕು. ಯಾವುದು ನಮ್ಮಲ್ಲಿ ಇದೆ, ಯಾವುದು ಮುಗಿದಿದೆ ಎಂದು ಪುಸ್ತಕ ಹೇಳುವುದಿಲ್ಲ. ಇನ್ನೊಂದು: ಪುಸ್ತಕವನ್ನು ನಾವು ದೊಡ್ಡ ಅಂಗಡಿಗಳಿಗೆ ಮಾತ್ರ ಕೊಡುತ್ತೇವೆ. ಹಳ್ಳಿಯ ಕ್ರಾಸಿನಲ್ಲಿ ಸೈಕಲ್ ಟ್ಯೂಬಿನ ಜೊತೆ ನಾಲ್ಕು ನಾಝಲ್ ಇಟ್ಟುಕೊಂಡು ಮಾರುವವರಿಗೆ ಅದು ತಲುಪುವುದೇ ಇಲ್ಲ, ವಾಟ್ಸಾಪ್ ತಲುಪುತ್ತದೆ.

ಕಾರವಾರದವರು ಹೇಳಿದಂತೆ ಪಿಡಿಎಫ್ ಪರೀಕ್ಷಿಸಿದೆ. ಹುಡುಕಿದರೆ ಸಿಗುತ್ತದೆ. ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ, ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪ್ ಮಾಡಿಸಿದ್ದರು. ಯೂನಿಕೋಡಿಗೆ ಬದಲಿಸುತ್ತಿದ್ದೇನೆ.

ಕುಮಟಾ ಕೌಂಟರ್

ನಾಣ್ಯದ ಉಪಾಯ ಚೆನ್ನಾಗಿದೆ ತಮ್ಮ, ಮಾಡುತ್ತೇನೆ. ಆದರೆ ತೋಟದವರು ಬರುವುದು ಬೆಳಿಗ್ಗೆ ಏಳೂವರೆಗೆ. ಆ ಹೊತ್ತಿಗೆ ಫೋಟೋ ಕಳುಹಿಸಿದರೆ ನಿಮ್ಮ ಉತ್ತರ ಹತ್ತಕ್ಕೆ ಬರುತ್ತದೆ ಎಂದು ಅನುಭವದಿಂದ ಹೇಳುತ್ತಿದ್ದೇನೆ, ಬೇಸರಿಸಬೇಡಿ. ಹತ್ತಕ್ಕೆ ಮಳೆ ಮತ್ತೆ ಶುರುವಾಗಿರುತ್ತದೆ.

ಮೂರು ತಿಂಗಳ ಹಿಂದೆ ನೀವು ಕಳುಹಿಸಿದ ಪಿಡಿಎಫ್ ಮೊನ್ನೆ ತೆರೆಯಲು ಹೋದೆ. ಫೈಲ್ ಇಲ್ಲ, ಕಳುಹಿಸಿದವರನ್ನೇ ಮತ್ತೆ ಕೇಳಿ ಎಂದಿತು ಫೋನು. ನಿಮ್ಮ ದೊಡ್ಡಪ್ಪನ 2011ರ ಪುಸ್ತಕ ನನ್ನ ಬಳಿ ಇನ್ನೂ ಇದೆ. ಅದರಲ್ಲಿರುವ ಒಂದು ಪಂಪನ್ನು ಕಂಪನಿ ನಿಲ್ಲಿಸಿ ಬಹಳ ಕಾಲವಾಯಿತು, ಅವರ ವೆಬ್‌ಸೈಟಿನಲ್ಲಿ ಆ ಹೆಸರೇ ಇಲ್ಲ. ಮಿರ್ಜಾನ್ ಕಡೆಯ ಬಾವಿಗಳಲ್ಲಿ ಆ ಪಂಪು ಈಗಲೂ ನೀರು ಎತ್ತುತ್ತಿದೆ. ಅದನ್ನು ಬಿಚ್ಚಿ ಭಾಗ ಭಾಗವಾಗಿ ತೋರಿಸಿದ ಚಿತ್ರ ಇರುವುದು ಆ ಪುಸ್ತಕದಲ್ಲಿ ಮಾತ್ರ. ಮೆಕ್ಯಾನಿಕ್‌ಗಳು ಅದನ್ನು ನೋಡಲೆಂದೇ ನನ್ನಲ್ಲಿಗೆ ಬರುತ್ತಾರೆ, ನೋಡಿ ಸಾಮಾನನ್ನೂ ನನ್ನಲ್ಲೇ ಕೊಳ್ಳುತ್ತಾರೆ.

ಚಿಕ್ಕ ಅಂಗಡಿಯವರ ಬಗ್ಗೆ ನೀವು ಹೇಳಿದ್ದು ನಿಜ. ಅವರಿಗೆ ಪುಸ್ತಕ ಬೇಡ. ಗೋಡೆಗೆ ಅಂಟಿಸುವ ಒಂದು ಹಾಳೆ ಕೊಡಿ: ಪೈಪಿನ ಕೋಷ್ಟಕ, ಬೆಲ್ಟಿನ ಮೂರು ಚಿತ್ರ, ಹೆಚ್ಚು ಓಡುವ ಸೀಲುಗಳು. ಪಕ್ಕದಲ್ಲೇ ನಿಮ್ಮ ಫೋನ್ ನಂಬರ್.

ಅಚ್ಚು ಮೊಳೆ, ಶಿರಸಿ

ಉತ್ತರಿಸಬೇಡಿ ಎಂದರೂ ಉತ್ತರಿಸುತ್ತಿದ್ದೇನೆ, ಮುದ್ರಣಾಲಯದವನು. ನಿಮ್ಮ ಕೊಟೇಶನ್ ನನ್ನದಲ್ಲ, ಹಾಗಾಗಿ ಧೈರ್ಯವಾಗಿ ಹೇಳಬಹುದು: ನೀವು ತಪ್ಪು ಪುಸ್ತಕಕ್ಕೆ ದರ ಕೇಳಿದ್ದೀರಿ.

ಕುಮಟಾದವರು ಬಯಸುತ್ತಿರುವುದು ಗೆರೆಚಿತ್ರ. ಅದಕ್ಕೆ ನಾಲ್ಕು ಬಣ್ಣ ಬೇಕಿಲ್ಲ, ಕಪ್ಪು ಒಂದೇ ಸಾಕು. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು, ಕಪ್ಪಿಗೆ ಒಂದೇ. ಆರ್ಟ್ ಪೇಪರು ಮಳೆಗಾಲದಲ್ಲಿ ತೇವ ಎಳೆದು ಪುಟಕ್ಕೆ ಪುಟ ಅಂಟಿಕೊಳ್ಳುತ್ತದೆ. ಅದರ ಮೇಲೆ ಪೆನ್ಸಿಲೂ ಓಡುವುದಿಲ್ಲ, ಮಾವನವರ ಗುಟ್ಟಿನ ಅಕ್ಷರ ಬರೆಯುವುದು ಹೇಗೆ? ಒಳಪುಟಕ್ಕೆ 90 ಜಿಎಸ್‌ಎಂ ಮ್ಯಾಪ್‌ಲಿಥೊ ಎಂಬ ಹೊಳಪಿಲ್ಲದ ಕಾಗದ, ಹೊದಿಕೆಗೆ 300ರ ಬೋರ್ಡು, ಅದಕ್ಕೆ ಮಾತ್ರ ಬಣ್ಣ ಮತ್ತು ಲ್ಯಾಮಿನೇಶನ್. ಬೆನ್ನಿಗೆ ಗೋಂದು ಹಾಕಿ ಚೌಕಾಕಾರ ಮಾಡಿಸಬೇಡಿ, ಅದು ಕೌಂಟರಿನ ಮೇಲೆ ಪೂರ್ತಿ ಬಿಚ್ಚಿ ಮಲಗುವುದಿಲ್ಲ. ಒತ್ತಿ ಮಲಗಿಸಿದರೆ ಬೆನ್ನು ಬಿರಿದು ಪುಟ ಉದುರುತ್ತದೆ. ನಡುವೆ ಪಿನ್ ಹೊಡೆಸಿ. ಪಿನ್ನಿಗೆ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು, 30 ಎಂದು ಬಂದು ನಿಲ್ಲಬೇಡಿ, 28 ಇಲ್ಲವೇ 32.

ನಿಜ ಅಳತೆಯ ಪುಟಗಳ ಬಗ್ಗೆ ಒಂದು ಎಚ್ಚರಿಕೆ. ಕಂಪ್ಯೂಟರಿನಲ್ಲಿ ‘ಪುಟಕ್ಕೆ ಹೊಂದಿಸು’ ಎಂಬ ಗುಂಡಿ ಯಾರಾದರೂ ಒತ್ತಿದರೆ ಎಲ್ಲವೂ ಶೇಕಡಾ ಮೂರೋ ನಾಲ್ಕೋ ಕುಗ್ಗುತ್ತದೆ, ಕಣ್ಣಿಗೆ ತಿಳಿಯುವುದೇ ಇಲ್ಲ. 40ರ ಸೀಲು 38.5 ಆಗಿ ಅಚ್ಚಾಗುತ್ತದೆ. ಪ್ರತಿ ಪುಟದ ಕೆಳಗೆ 10 ಸೆಂಟಿಮೀಟರಿನ ಅಳತೆಪಟ್ಟಿ ಹಾಕಿಸಿ, ಪ್ರೂಫ್ ಬಂದಾಗ ಅದರ ಮೇಲೆ ಸ್ಕೇಲ್ ಇಟ್ಟು ನೋಡಿಯೇ ಸಹಿ ಹಾಕಿ.

ಇನ್ನು ಪ್ರತಿಗಳ ಸಂಖ್ಯೆ. ಆಫ್‌ಸೆಟ್ಟಿನಲ್ಲಿ ಪ್ಲೇಟಿನ ಖರ್ಚು ಐದುನೂರಕ್ಕೂ ಸಾವಿರಕ್ಕೂ ಒಂದೇ, ಏರುವುದು ಕಾಗದ ಮತ್ತು ಬೈಂಡಿಂಗ್. ದರ ಹಾಕದ ಪುಸ್ತಕವಾದರೆ ಪ್ರತಿ ವರ್ಷ ಏಕೆ ಹಾಕಬೇಕು? ಒಮ್ಮೆ ಸಾವಿರ ಹಾಕಿಸಿ ಮೂರು ವರ್ಷ ಕೊಡಿ. ಹೊಸ ಸಾಮಾನಿಗೆ ನಾಲ್ಕು ಪುಟದ ಪುರವಣಿ ಸಾಕು. ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಳ್ಳುತ್ತಿದ್ದೇನೆ ಎಂದು ಗೊತ್ತಿದೆ.

ಘಟ್ಟದ ಮೇಲಿನ ಸ್ಪೇರ್ಸ್, ಶಿರಸಿ

ಎಲ್ಲರಿಗೂ ಉಪಕಾರ. ಮುದ್ರಣಾಲಯದವರ ಬಗ್ಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ನಿಮ್ಮೊಬ್ಬರಿಗೆ ವಿನಾಯಿತಿ.

ನಿನ್ನೆ ರಾತ್ರಿ ಊಟವಾದ ಮೇಲೆ ನಾನೂ ತಮ್ಮನ ಮಗನೂ ಹಳೆಯ ಪುಸ್ತಕ ಎದುರಿಗಿಟ್ಟುಕೊಂಡು ಕೆಂಪು ಪೆನ್ನಿನಲ್ಲಿ ಹೊಡೆಯುತ್ತ ಹೋದೆವು. ಬೇರಿಂಗಿನ ಎಂಟು ಪುಟ ಒಂದಾಯಿತು. ನಮ್ಮ ಗೋದಾಮಿನ ಫೋಟೋ, ತಂದೆಯವರ ಫೋಟೋ, ಸಂಸ್ಥೆಯ ಧ್ಯೇಯವಾಕ್ಯ ಎಲ್ಲ ಸೇರಿ ನಾಲ್ಕು ಪುಟ ಇತ್ತು. ತಂದೆಯವರದನ್ನು ಉಳಿಸಿಕೊಂಡು ಉಳಿದದ್ದನ್ನು ತೆಗೆದೆವು. ಬಣ್ಣ ಕಡ್ಡಾಯವಾಗಿ ಬೇಕಾದದ್ದು ಹೋಸ್ ಪೈಪಿಗೆ ಮಾತ್ರ, ಅದು ಹಿಂಬದಿಯ ಹೊದಿಕೆಯಲ್ಲಿ ಹಿಡಿಸುತ್ತದೆ. 32ಕ್ಕೆ ಬಂದು ನಿಂತಿದೆ. ದರ ಇಲ್ಲ. ಕಾರವಾರದವರು ಹೇಳಿದ ಖಾಯಂ ಸಂಖ್ಯೆ ಕೊಡುವ ಕೆಲಸ ಅವನದು. ನಾಲ್ಕಂಕಿ ಸಾಕೋ ಐದು ಬೇಕೋ ಎಂದು ಬೆಳಗಿನಿಂದ ಗೊಣಗುತ್ತಿದ್ದಾನೆ.

ಯಲ್ಲಾಪುರದವರಿಗೆ: ಉಳಿದ ದುಡ್ಡಿನಲ್ಲಿ ಎರಡು ಪರ್ಸೆಂಟ್ ಆಗುವುದಿಲ್ಲ. ಅರ್ಧ ಆಗಬಹುದು, ಅದೂ ನಗದು ಕೊಟ್ಟರೆ.

ಕುಮಟಾ ಅಕ್ಕ, ಆ 2011ರ ಪುಸ್ತಕದ ಪಂಪಿನ ಪುಟ ನಮ್ಮಲ್ಲಿ ಉಳಿದಿಲ್ಲ. ಮುಂದಿನ ವಾರ ನಮ್ಮ ಹುಡುಗ ಬಂದಾಗ ಅದನ್ನು ಸ್ಕ್ಯಾನ್ ಮಾಡಿಕೊಳ್ಳಲು ಕೊಡುತ್ತೀರಾ?

ಕುಮಟಾ ಕೌಂಟರ್

ಕೊಡುತ್ತೇನೆ, ಇಲ್ಲೇ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಿಕೊಳ್ಳಲಿ. ಶಿರಸಿಗೆ ಒಯ್ಯುವ ಮಾತು ಬೇಡ. ಬರುವಾಗ 17-40-7 ಒಂದು ಡಜನ್ ತರಲು ಹೇಳಿ, ಮುಗಿದಿದೆ.